ಗುಂಪಿನಲ್ಲಿ ಗೋವಿಂದ

ಎಕ್ಸೆಲ್ ಬಳಸುವವರಿಗೆಲ್ಲ ಕಂಟ್ರೋಲ್ ಎಚ್ ಗೊತ್ತು. ಒಂದು ಪದ ಹುಡುಕು, ಅದರ ಜಾಗದಲ್ಲಿ ಇನ್ನೊಂದು ಹಾಕು. ನಿಮ್ಮ ಆಫೀಸಿನ ಪಟ್ಟಿಯಲ್ಲಿ ‘ರವಿ’ ಅಂತ ಇರುವುದನ್ನು ‘ರವಿಕುಮಾರ್’ ಮಾಡಬೇಕು ಅಂದುಕೊಳ್ಳಿ. ‘ರಿಪ್ಲೇಸ್ ಆಲ್’ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗೀತು. ಜೊತೆಗೆ ರವಿಶಂಕರ್ ಅನ್ನುವವರು ರವಿಕುಮಾರ್‌ಶಂಕರ್ ಆಗಿರುತ್ತಾರೆ, ರವಿವಾರ ಹೋಗಿ ರವಿಕುಮಾರ್‌ವಾರ ಬಂದಿರುತ್ತದೆ. ನೂರು ಸಾಲಿನ ಪಟ್ಟಿಯಾದರೆ ನಕ್ಕು ಸರಿಮಾಡಬಹುದು. ಲಕ್ಷ ಸಾಲಿದ್ದರೆ? ಎಲ್ಲಿ ಏನಾಗಿದೆ ಅಂತ ಗೊತ್ತಾಗುವುದು ಆ ರವಿಶಂಕರ್ ತಮ್ಮ ಸಂಬಳದ ಚೀಟಿ ಹಿಡಿದುಕೊಂಡು ಬಂದು ನಿಂತಾಗಲೇ.

ಗುಂಪಿನಲ್ಲಿ ಗೋವಿಂದ ಅಂತ ನಮ್ಮಲ್ಲಿ ಒಂದು ಮಾತಿದೆ. ಎಲ್ಲರೂ ಗೋವಿಂದ ಅಂದಾಗ ನಾವೂ ಅಂದುಬಿಡುವುದು. ಯಾರು ನಿಜವಾಗಿ ಅಂದರು, ಯಾರು ಸುಮ್ಮನೆ ಬಾಯಾಡಿಸಿದರು ಅಂತ ಯಾರೂ ನೋಡಲ್ಲ. ನನ್ನ ಹೊಟ್ಟೆಪಾಡು ಈ ಗೋವಿಂದನ ಮೇಲೇ ನಡೆಯುತ್ತಿದೆ.

ದೊಡ್ಡ ಕಂಪನಿಗಳ ಮೂಲ ಮಾಹಿತಿ ಇಟ್ಟುಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಯಾವ ಯಾವ ವಸ್ತು ಮಾರುತ್ತಾರೆ, ಯಾರಿಂದ ಕೊಳ್ಳುತ್ತಾರೆ, ಯಾವುದಕ್ಕೆ ಎಷ್ಟು ತೆರಿಗೆ, ಯಾವುದು ಯಾವ ಗೋದಾಮಿನಲ್ಲಿದೆ, ಇಂಥವು. ಬಿಲ್ಲು, ಆರ್ಡರು, ಲೆಕ್ಕಪತ್ರ ಎಲ್ಲವೂ ಇಲ್ಲಿಂದಲೇ ಮಾಹಿತಿ ಎತ್ತಿಕೊಳ್ಳುತ್ತವೆ. ಇದರೊಳಗೆ ಬಲ್ಕ್ ಎಡಿಟ್ ಅಂತ ಒಂದು ಸೌಲಭ್ಯವಿದೆ. ಸಾವಿರ ಸಾಲು ಆರಿಸಿ ಒಂದೇ ಏಟಿಗೆ ಬದಲಿಸುವುದು. ಅದನ್ನು ಹೊಸದಾಗಿ ವಿನ್ಯಾಸ ಮಾಡುವ ಕೆಲಸ 2025ರಲ್ಲಿ ನಮ್ಮ ತಂಡದ ಪಾಲಿಗೆ ಬಂತು.

ಊರಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸುವುದು ಪ್ರತಿ ಹಬ್ಬದ ಸಂಕಟ. ಕಂಪ್ಯೂಟರ್ ಕೆಲಸ ಅಂದರೆ ಅಮ್ಮನಿಗೆ ಸಮಾಧಾನವಿಲ್ಲ. ಪಕ್ಕದ ಮನೆ ಹುಡುಗ ತಿಪಟೂರಿನ ಸೈಬರ್‌ನಲ್ಲಿ ಮಾಡೋದೂ ಕಂಪ್ಯೂಟರ್ ಕೆಲಸವೇ. ಆ ಸಲದ ಯುಗಾದಿಗೆ ಹೀಗೆ ಹೇಳಿ ನೋಡಿದೆ: “ಶೆಟ್ರ ಅಂಗಡಿ ಲೆಕ್ಕದ ಪುಸ್ತಕ ಐತಲ್ಲಮ್ಮ, ಅಂಥವು ಸಾವಿರ ಅಂಗಡಿದು ಒಂದೇ ಕಡೆ ಇದ್ರೆ ಹೆಂಗಿರುತ್ತೆ? ಸಕ್ಕರೆ ರೇಟು ಬದಲಾದ್ರೆ ಒಂದೊಂದು ಹಾಳೆ ತಿದ್ತಾ ಕೂರಕ್ಕಾಗಲ್ಲ. ಒಂದೇ ಸಲಕ್ಕೆ ಎಲ್ಲಾನೂ ತಿದ್ದೋದು ನಾವು ಮಾಡ್ಕೊಡ್ತೀವಿ.”

ಅಮ್ಮ ರಾಗಿ ಕೇರುತ್ತಾ ಕೇಳಿದರು, “ತಪ್ಪು ತಿದ್ದಿದ್ರೆ ಯಾರು ಬೈಸ್ಕಳದು?”

ನಮ್ಮ ಆಫೀಸಿನ ಯಾವ ರಿವ್ಯೂ ಮೀಟಿಂಗಿನಲ್ಲೂ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನಮ್ಮ ಕೆಲಸದ ದಾಖಲೆಯ ಮೊದಲ ಪುಟದಲ್ಲಿ ಬರೆದಿದ್ದ ಗುರಿ ಬೇರೆ: ಕ್ಲಿಕ್ ಕಡಿಮೆ ಮಾಡಬೇಕು, ಸಮಯ ಉಳಿಸಬೇಕು.

ಹೊಸ ವಿನ್ಯಾಸ ಶುರು ಮಾಡುವ ಮುಂಚೆ, ಹಳೆಯದನ್ನು ಬಳಸುವವರ ಪಕ್ಕ ಕೂತು ನೋಡುವುದು ನಮ್ಮಲ್ಲಿ ವಾಡಿಕೆ. ಜುಲೈನಲ್ಲಿ ಒಬ್ಬ ಗ್ರಾಹಕರ ಆಫೀಸಿಗೆ ಹೋದೆ. ಬಟ್ಟೆ, ದಿನಸಿ, ಮನೆಸಾಮಾನು ಎಲ್ಲ ಮಾರುವ ಅಂಗಡಿಗಳ ಸರಣಿ ಅವರದ್ದು. ಅಲ್ಲಿ ಡೇಟಾ ನೋಡಿಕೊಳ್ಳುವ ಒಬ್ಬ ಮೇಡಂ ಪಕ್ಕ ಎರಡು ದಿನ ಕೂತೆ. ವಯಸ್ಸು ನಲವತ್ತರ ಮೇಲೆ, ಅರಸೀಕೆರೆ ಕಡೆಯವರು. ನನ್ನದು ತಿಪಟೂರು ತಾಲ್ಲೂಕು ಅಂದ ಮೇಲೆ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರು, ಸರ್ ಅನ್ನೋದು ಮಾತ್ರ ಬಿಡಲಿಲ್ಲ.

ಮೊದಲ ದಿನವೇ ಒಂದು ವಿಷಯ ಕಣ್ಣಿಗೆ ಬಿತ್ತು. ಅವರು ನಮ್ಮ ಬಲ್ಕ್ ಎಡಿಟ್ ಮುಟ್ಟುತ್ತಲೇ ಇರಲಿಲ್ಲ. ಬದಲಿಸಬೇಕಾದ ಸಾಲುಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವುದು, ಅಲ್ಲಿ ತಿದ್ದುವುದು, ಮತ್ತೆ ಏರಿಸುವುದು.

“ಇಲ್ಲೇ ಮಾಡಬಹುದಲ್ಲ ಮೇಡಂ?”

“ಮಾಡ್ಬೋದು ಸರ್. ಆದ್ರೆ ಇಲ್ಲಿ ಬಟನ್ ಒತ್ತಿದ್ಮೇಲೆ ಏನಾಯ್ತು ಅಂತ ಕಾಣ್ಸಲ್ಲ. ಎಕ್ಸೆಲ್‌ನಲ್ಲಿ ಹಳೇ ಫೈಲ್ ನನ್ ಹತ್ರ ಇರುತ್ತೆ.”

ಎಕ್ಸೆಲ್ ಏನೂ ಸಾಧು ಪ್ರಾಣಿಯಲ್ಲ. ವಸ್ತುಗಳನ್ನು ತೆರಿಗೆಗಾಗಿ ವಿಂಗಡಿಸುವ ಎಚ್‌ಎಸ್‌ಎನ್ ಅನ್ನುವ ಸಂಕೇತವಿದೆ. ಬೆಣ್ಣೆ, ತುಪ್ಪದ ಸಂಕೇತ 0405. ಇದನ್ನು ಎಕ್ಸೆಲ್‌ನಲ್ಲಿ ತೆರೆದರೆ ಅದು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ತಿಂದುಹಾಕಿ 405 ಅಂತ ತೋರಿಸುತ್ತದೆ. ವಿಜ್ಞಾನಿಗಳಿಗೂ ಇದೇ ಕಾಟ. ಮನುಷ್ಯರ ಕೆಲವು ಜೀನ್‌ಗಳಿಗೆ ‘ಮಾರ್ಚ್1’, ‘ಸೆಪ್ಟ್1’ ಅನ್ನುವಂಥ ಸಂಕ್ಷಿಪ್ತ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ತಾರೀಖು ಮಾಡಿಬಿಡುತ್ತಿತ್ತು. ಸಂಶೋಧನಾ ಪ್ರಬಂಧಗಳ ಪಟ್ಟಿಗಳಲ್ಲಿ ಈ ತಪ್ಪು ಎಷ್ಟು ಹರಡಿತ್ತೆಂದರೆ, 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಆ ಹೆಸರುಗಳನ್ನೇ ಬದಲಿಸಿತು. ಆಗ ಸಾಫ್ಟ್‌ವೇರ್ ಬದಲಾಗಲಿಲ್ಲ, ಜೀನ್ ಹೆಸರು ಬದಲಾಯಿತು!

ಇದೆಲ್ಲ ಮೇಡಂಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸೊನ್ನೆ ಹೋಗದ ಹಾಗೆ ಕಾಲಂ ಅನ್ನು ಮೊದಲು ಟೆಕ್ಸ್ಟ್ ಮಾಡಿಕೊಳ್ಳುತ್ತಿದ್ದರು. ಅಷ್ಟು ಕಷ್ಟಪಟ್ಟಾದರೂ ಎಕ್ಸೆಲ್ಲೇ ಬೇಕು ಅನ್ನುತ್ತಿದ್ದರು. ಯಾಕೆ ಅಂತ ಎರಡನೇ ದಿನ ಗೊತ್ತಾಯಿತು.

ಅವರ ಮೇಜಿನ ಮೇಲೆ ಮಕ್ಕಳ ಸ್ಕೂಲಿನ ಥರದ ಇನ್ನೂರು ಪುಟದ ನೋಟ್‌ಬುಕ್ ಒಂದಿತ್ತು. ದೊಡ್ಡ ಬದಲಾವಣೆ ಏರಿಸುವ ಮುಂಚೆ ಅದರಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ತಾರೀಖು, ಎಷ್ಟು ಸಾಲು, ಯಾವ ಕಾಲಂ, ಮೊದಲು ಏನಿತ್ತು, ಈಗ ಏನು ಮಾಡಿದೆ, ಮಾಡಿ ಅಂತ ಯಾರ ಮೇಲ್ ಬಂದಿತ್ತು. ಕೆಲವು ಕಡೆ ಮೊದಲಿನ ಬೆಲೆಯನ್ನು ಒಂದೊಂದು ವಸ್ತುವಿಗೂ ಬೇರೆ ಬೇರೆ ಬರೆದಿದ್ದರು. ಪುಟಗಟ್ಟಲೆ, ನೀಲಿ ಪೆನ್ನಿನಲ್ಲಿ, ಒತ್ತೊತ್ತಾಗಿ.

“ಇದ್ಯಾಕೆ ಮೇಡಂ? ಸಿಸ್ಟಂನಲ್ಲೇ ಹಿಸ್ಟರಿ ಇದೆಯಲ್ಲ.”

ಅವರು ನಕ್ಕು ಹಿಸ್ಟರಿ ತೆರೆದು ತೋರಿಸಿದರು. ‘ಬಲ್ಕ್ ಅಪ್‌ಡೇಟ್’, ಅವರ ಐಡಿ, ಸಮಯ. ಮುಗೀತು. ನಾನು ಈ ಕೆಲಸಕ್ಕೆ ಸೇರುವುದಕ್ಕೆ ಎಷ್ಟೋ ವರ್ಷ ಮೊದಲು ಬರೆದ ಕೋಡು. ಆಗ ಜಾಗ ಉಳಿಸಲು ಹಳೆಯ ಮೌಲ್ಯ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಂದು ಸಲ ಒಂದಷ್ಟು ವಸ್ತುಗಳ ಬೆಲೆ ತಪ್ಪಾಗಿ ಬಿಲ್ ಆಗಿತ್ತಂತೆ. ಮೇಲಿನವರು ಹಿಸ್ಟರಿ ನೋಡಿದರು, ಮೇಡಂ ಐಡಿ ಕಂಡಿತು. ಅವರು ಆ ದಿನ ಬದಲಿಸಿದ್ದು ಬೇರೆ ಕಾಲಂ. ಬೆಲೆ ಅದಕ್ಕೂ ಮೊದಲೇ ತಪ್ಪಿತ್ತು. ಅದನ್ನು ತೋರಿಸಿಕೊಡೋಕೆ ಅವರ ಹತ್ತಿರ ಏನೂ ಇರಲಿಲ್ಲ. ಹಳೇ ಮೇಲ್‌ಗಳನ್ನು ಕೆದಕಿ ರುಜುವಾತು ಮಾಡಲು ಎರಡು ದಿನ ಹಿಡಿಯಿತು.

“ಅವತ್ತಿಂದ ಬರ್ಕೋತೀನಿ ಸರ್. ಕೆಲಸ ಸ್ವಲ್ಪ ನಿಧಾನ ಆಗುತ್ತೆ. ಆದ್ರೆ ರಾತ್ರಿ ನಿದ್ದೆ ಬರುತ್ತೆ.”

ತಪ್ಪು ತಿದ್ದಿದ್ರೆ ಯಾರು ಬೈಸ್ಕಳದು ಅನ್ನುವುದಕ್ಕೆ ಉತ್ತರ ಸಿಕ್ಕಿತ್ತು. ತಪ್ಪು ತಿದ್ದದಿದ್ದರೂ ಇವರೇ.

ಆ ನೋಟ್‌ಬುಕ್ ನೋಡಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಪಹಣಿ. ಕೈಬರಹದ್ದು. ಅದರಲ್ಲಿ ಅಜ್ಜನ ಹೆಸರಿನ ಮೇಲೆ ಒಂದು ಗೆರೆ ಎಳೆದಿದೆ. ಪಕ್ಕದಲ್ಲಿ ಅಪ್ಪ, ಚಿಕ್ಕಪ್ಪಂದಿರ ಹೆಸರು, ಒಂದು ಎಂ.ಆರ್. ನಂಬರು, ಒಂದು ಸಹಿ. ಗೆರೆ ಎಳೆದರೂ ಅಜ್ಜನ ಹೆಸರು ಚೆನ್ನಾಗಿ ಓದಬಹುದು. ಯಾರದ್ದಿತ್ತು, ಯಾರಿಗೆ ಹೋಯಿತು, ಯಾವ ಆಧಾರದ ಮೇಲೆ ಹೋಯಿತು, ಯಾರು ಒಪ್ಪಿ ಸಹಿ ಹಾಕಿದರು, ಎಲ್ಲ ಒಂದೇ ಸಾಲಿನಲ್ಲಿದೆ. ಖಾತೆ ಬದಲಾಗುವ ಮುಂಚೆ ನೋಟಿಸ್ ಕೊಟ್ಟು, ಆಕ್ಷೇಪಣೆ ಇದ್ದರೆ ಹೇಳಿ ಅಂತ ಕೆಲವು ದಿನ ಕಾಯುವ ಪದ್ಧತಿಯೂ ಇದೆ. ಮುಂದೆ ಭೂಮಿ ಯೋಜನೆಯಲ್ಲಿ ಕರ್ನಾಟಕದ 176 ತಾಲ್ಲೂಕುಗಳ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಬಂದಾಗ, ಅದನ್ನು ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಅಂತ ಮಾಡಿದರು.

ಪಹಣಿಯಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳಿದರೆ ನಾಡಕಚೇರಿ ಮುಂದೆ ನಿಂತು ಸುಸ್ತಾದವರು ಯಾರೂ ನನ್ನನ್ನು ಸುಮ್ಮನೆ ಬಿಡಲ್ಲ. ಕೈ ಬದಲಾದ ಜಮೀನಿನ ಕತೆಗಳು ಪ್ರತಿ ಊರಲ್ಲೂ ಇವೆ. ಆದರೆ ಆ ಪದ್ಧತಿಯನ್ನು ಕಟ್ಟಿದವರು ಒಂದು ವಿಷಯ ಅರ್ಥ ಮಾಡಿಕೊಂಡಿದ್ದರು. ದಾಖಲೆ ತಿದ್ದುವುದು ಅಂದರೆ ಒಬ್ಬರ ಕೈಯಿಂದ ಏನೋ ತೆಗೆದು ಇನ್ನೊಬ್ಬರ ಕೈಗೆ ಕೊಡುವುದು. ಅದಕ್ಕೆ ಮುಂಚೆ ನೋಟಿಸ್ ಬೇಕು, ಆಮೇಲೆ ಗುರುತು ಬೇಕು. ಲಕ್ಷ ಸಾಲು ಒಂದೇ ಏಟಿಗೆ ಬದಲಿಸುವ ನಮ್ಮ ಸಾಫ್ಟ್‌ವೇರಿನಲ್ಲಿ ಮುಂಚಿನ ನೋಟಿಸೂ ಇರಲಿಲ್ಲ, ಓದಲು ಬರುವ ಹಳೆಯ ಹೆಸರೂ ಇರಲಿಲ್ಲ.

ಇದ್ದದ್ದು ಒಂದು ಪೆಟ್ಟಿಗೆ ಮಾತ್ರ. ‘ಖಚಿತವೇ? ಹೌದು / ಇಲ್ಲ.’

ಈ ಪೆಟ್ಟಿಗೆಯ ಯೋಗ್ಯತೆ ಎಷ್ಟು ಅಂತ ತಿಳಿಯಬೇಕಾದರೆ ಸಿಟಿಬ್ಯಾಂಕಿನ ಕತೆ ಕೇಳಬೇಕು. 2020ರ ಆಗಸ್ಟ್ 11. ರೆವ್ಲಾನ್ ಅನ್ನುವ ಸೌಂದರ್ಯ ಸಾಮಗ್ರಿ ಕಂಪನಿಯ ಪರವಾಗಿ ಸಾಲಗಾರರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಹೋದದ್ದು ಹತ್ತಿರ ಹತ್ತಿರ 90 ಕೋಟಿ ಡಾಲರ್. ಅಸಲು ಹಣ ಹೊರಗೆ ಹೋಗದೆ ಬ್ಯಾಂಕಿನ ಒಳಖಾತೆಗೇ ಬರಬೇಕಾದರೆ ಪರದೆಯ ಮೇಲೆ ಮೂರು ಕಡೆ ಟಿಕ್ ಹಾಕಬೇಕಿತ್ತು. ಒಂದೇ ಕಡೆ ಹಾಕಿದ್ದರು. ಮೂರು ಜನ ನೋಡಿ ಒಪ್ಪಿದ್ದ ಕೆಲಸ ಅದು. ಇಬ್ಬರು ನಮ್ಮ ದೇಶದಲ್ಲಿ ಕೂತು ಗುತ್ತಿಗೆ ಮೇಲೆ ಕೆಲಸ ಮಾಡುವವರು, ಒಬ್ಬರು ಅಮೆರಿಕದ ಮೇಲಧಿಕಾರಿ. ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ, ಮುಂದುವರಿಯಬೇಕೆ ಅಂತ ಸಾಫ್ಟ್‌ವೇರ್ ಕೇಳಿತ್ತು ಕೂಡ. ಬಡ್ಡಿ ಹೇಗೂ ಹೊರಗೆ ಹೋಗಲೇಬೇಕಿತ್ತಲ್ಲ, ಹೌದು ಅಂದರು. ಎಷ್ಟು ಹಣ ಅಂತ ಆ ಎಚ್ಚರಿಕೆಯಲ್ಲಿ ಇರಲಿಲ್ಲ. ಕೆಲವರು ಹಣ ವಾಪಸ್ ಕೊಟ್ಟರು. ಸುಮಾರು 50 ಕೋಟಿ ಡಾಲರ್ ಪಡೆದವರು ಕೊಡಲ್ಲ ಅಂದರು. 2021ರಲ್ಲಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು, 2022ರಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿತು. ಎರಡು ವರ್ಷದ ವ್ಯಾಜ್ಯ!

ಆ ಪೆಟ್ಟಿಗೆಯಲ್ಲಿ ‘90 ಕೋಟಿ’ ಅಂತ ಒಂದೇ ಒಂದು ಅಂಕಿ ಇದ್ದಿದ್ದರೆ ಆ ಮೂರರಲ್ಲಿ ಒಬ್ಬರಾದರೂ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು ಅಂತ ನನ್ನ ನಂಬಿಕೆ. ಖಚಿತವೇ ಅಂತ ಕೇಳುವುದು ಎಚ್ಚರಿಕೆ ಅನಿಸಿಕೊಳ್ಳುವುದಿಲ್ಲ. ಮುಂದೆ ಬೈಸಿಕೊಳ್ಳುವವರ ಹೆಬ್ಬೆಟ್ಟನ್ನು ಮೊದಲೇ ಒತ್ತಿಸಿಕೊಳ್ಳುವುದು ಅಷ್ಟೆ.

ವಾಪಸ್ ಬಂದು ನಮ್ಮ ತಂಡದ ಮುಂದೆ ಇಷ್ಟನ್ನೂ ಇಟ್ಟೆ. ಬದಲಾವಣೆ ನಡೆಯುವ ಮುಂಚೆ ಏನೇನು ಬದಲಾಗುತ್ತದೆ ಅಂತ ತೋರಿಸುವ ಒಂದು ಪರದೆ ಬೇಕು, ಆದಮೇಲೆ ಹಿಂದಕ್ಕೆ ತರುವ ದಾರಿ ಬೇಕು ಅಂದೆ. ನಮ್ಮ ಮ್ಯಾನೇಜರ್ ಒಳ್ಳೆಯ ಮನುಷ್ಯ, ಆದರೆ ಅವರ ಮೇಲೂ ಒಂದು ಪಟ್ಟಿ ನೇತಾಡುತ್ತಿತ್ತು. “ಕ್ಲಿಕ್ ಕಡಿಮೆ ಮಾಡಿ ಅಂದ್ರೆ ನೀನು ಒಂದು ಪೂರ್ತಿ ಸ್ಕ್ರೀನ್ ಜಾಸ್ತಿ ಮಾಡ್ತಿದೀಯಲ್ಲ” ಅಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಹತ್ತು ಸಾಲು ಬದಲಿಸುವವರಿಗೆ ಪ್ರತಿಸಲ ಪೂರ್ವನೋಟ ತೋರಿಸಿದರೆ ಮೂರನೇ ದಿನಕ್ಕೆ ಅವರು ಕಣ್ಣು ಮುಚ್ಚಿ ‘ಮುಂದೆ’ ಒತ್ತಲು ಕಲಿಯುತ್ತಾರೆ. ಆಗ ಅದೂ ಇನ್ನೊಂದು ಖಚಿತವೇ ಪೆಟ್ಟಿಗೆ.

ಅವರಿಗೆ ನಾನು ಎಡೆಕುಂಟೆ ಲೆಕ್ಕ ಹೇಳಿದೆ. ರಾಗಿ ಹೊಲದ ಸಾಲಿನ ನಡುವಿನ ಕಳೆಯನ್ನು ಎತ್ತು ಕಟ್ಟಿದ ಕುಂಟೆ ಅರ್ಧ ದಿನದಲ್ಲಿ ಮುಗಿಸುತ್ತದೆ. ಕೈಯಲ್ಲಿ ಕೀಳುತ್ತಾ ಕೂತರೆ ವಾರವಾದರೂ ಆಗಲ್ಲ. ಹಾಗಂತ ಕುಂಟೆ ಹೊಡೆದು ಯಾರೂ ಮನೆಗೆ ಹೋಗಲ್ಲ. ಕುಂಟೆ ಹೋದ ಮೇಲೆ ಅಲ್ಲೊಂದು ಇಲ್ಲೊಂದು ಪೈರು ಮಣ್ಣಿನ ಹೆಂಟೆ ಅಡಿ ಸಿಕ್ಕಿಬಿದ್ದಿರುತ್ತದೆ. ಹಿಂದೆಯೇ ಒಬ್ಬರು ನಡೆದುಕೊಂಡು ಹೋಗಿ ಹೆಂಟೆ ಸರಿಸಿ ಅವನ್ನು ಎತ್ತಿ ನಿಲ್ಲಿಸಬೇಕು. ಚಿಕ್ಕವನಿದ್ದಾಗ ಮುಂದೆ ಅಪ್ಪ, ಹಿಂದೆ ನಾನು. ಕುಂಟೆಯನ್ನು ಎಷ್ಟು ಬೇಕಾದರೂ ಚುರುಕು ಮಾಡೋಣ, ಹಿಂದೆ ನಡೆಯುವವರಿಗೆ ದಾರಿ ಬಿಡೋಣ ಅಂದೆ. ಮ್ಯಾನೇಜರ್ ಹುಟ್ಟಿ ಬೆಳೆದದ್ದು ಜಯನಗರದಲ್ಲಿ. “ಪ್ರೆಸೆಂಟೇಷನ್‌ನಲ್ಲಿ ಎತ್ತಿನ ಫೋಟೋ ಹಾಕಬೇಡ” ಅಂದರು. ಆದರೆ ಒಪ್ಪಿದರು.

ಹೀಗೆ ಕೆಲವು ಬದಲಾವಣೆ ಮಾಡಿದೆವು. ಎಲ್ಲಕ್ಕಿಂತ ಮೊದಲು ‘ಎಲ್ಲವನ್ನೂ ಆರಿಸಿ’ ಅನ್ನುವ ಗುಂಡಿ. ಅದನ್ನು ಒತ್ತಿದರೆ ಪರದೆಯಲ್ಲಿ ಕಾಣುವ 50 ಸಾಲೋ, ಕಾಣದೆ ಹಿಂದೆ ಕೂತಿರುವ 50 ಸಾವಿರವೋ? ಹಳೆಯದರಲ್ಲಿ ಇದು ಯಾರಿಗೂ ಸ್ಪಷ್ಟವಿರಲಿಲ್ಲ. ಈಗ ಎಷ್ಟು ಸಾಲು ಕೈಯಲ್ಲಿದೆ ಅಂತ ಅಂಕಿ ಸದಾ ಮೇಲೆಯೇ ನಿಂತಿರುತ್ತದೆ. ಆರಿಸಿದ ಸಾಲುಗಳಲ್ಲಿ ಬೇರೆ ಬೇರೆ ಮೌಲ್ಯಗಳಿದ್ದರೆ ಹಳೆಯ ಫಾರ್ಮು ಖಾಲಿ ಜಾಗ ತೋರಿಸುತ್ತಿತ್ತು, ಏನೂ ಇಲ್ಲವೇನೋ ಅನ್ನುವ ಹಾಗೆ. ಈಗ ‘ಇಲ್ಲಿ ಏಳು ಬೇರೆ ಬೇರೆ ಮೌಲ್ಯಗಳಿವೆ’ ಅಂತ ಹೇಳುತ್ತದೆ. ನೀವು ಕೈಯಿಟ್ಟು ಬದಲಿಸುವ ತನಕ ಅದನ್ನು ಮುಟ್ಟುವುದಿಲ್ಲ.

ಪೂರ್ವನೋಟದ ಪ್ರಶ್ನೆಗೆ ನಾವು ಕಂಡುಕೊಂಡ ದಾರಿ ಇದು. ಸಣ್ಣ ಬದಲಾವಣೆಗೆ ಅದು ಅಡ್ಡ ಬರಬಾರದು. ದೊಡ್ಡದಕ್ಕೆ ಬರಬೇಕು, ಬಂದಾಗ ಲಕ್ಷ ಸಾಲನ್ನು ಹಾಗೇ ಮುಂದೆ ಸುರಿಯಬಾರದು. ಲಕ್ಷ ಸಾಲನ್ನು ಯಾರೂ ಓದಲ್ಲ. ಒಂದೇ ಥರದ ಬದಲಾವಣೆಗಳನ್ನು ಒಂದೊಂದು ಗುಂಪು ಮಾಡಿ ತೋರಿಸಿದೆವು. ಇಂಥದ್ದರಿಂದ ಇಂಥದ್ದಕ್ಕೆ ಇಷ್ಟು ಸಾಲು, ಮೊದಲೇ ಸರಿಯಿದ್ದು ಬದಲಾಗದೆ ಉಳಿಯುವುದು ಇಷ್ಟು. ತೀರಾ ಚಿಕ್ಕ ಗುಂಪು ಮೇಲೆ ಬರುತ್ತದೆ, ಯಾಕಂದ್ರೆ ಅಚಾತುರ್ಯಗಳು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ. ನೂರರಲ್ಲಿ ಮೂರು ಸಾಲು ದೋಷದಿಂದ ನಿಂತರೆ ಉಳಿದ 97 ಮುಂದೆ ಹೋಗಬೇಕೋ ಬೇಡವೋ ಅನ್ನುವುದನ್ನೂ ಕೆಲಸ ಮಾಡುವವರೇ ತೀರ್ಮಾನಿಸಬಹುದು. ಜಾಗ ಉಳಿಸುವ ಮಾತು ಬಿಟ್ಟು ಪ್ರತಿ ಸಾಲಿನ ಹಳೆಯ ಮೌಲ್ಯವನ್ನೂ ಇಟ್ಟುಕೊಳ್ಳಲು ಶುರು ಮಾಡಿದೆವು. ಅಜ್ಜನ ಹೆಸರಿನ ಮೇಲಿನ ಗೆರೆ.

ಇದರಲ್ಲಿ ಪೂರ್ವನೋಟ ಮತ್ತು ಹಳೆಯ ಮೌಲ್ಯದ ದಾಖಲೆ ಮುಗಿದು, ಹಿಂದಕ್ಕೆ ತರುವ ಸೌಲಭ್ಯ ಇನ್ನೂ ಬಾಕಿ ಇರುವಾಗ 2025ರ ಸೆಪ್ಟೆಂಬರ್ 3 ಬಂತು. ಆ ರಾತ್ರಿ ಜಿಎಸ್‌ಟಿ ಮಂಡಳಿಯ ಸಭೆ ಮುಗಿದು ಹೊಸ ದರಗಳು ಪ್ರಕಟವಾದವು. ಸೆಪ್ಟೆಂಬರ್ 22ರಿಂದ ಜಾರಿ. ಟಿವಿಯಲ್ಲಿ ಏನು ಅಗ್ಗ ಅಂತ ಪಟ್ಟಿ ಓದುತ್ತಿದ್ದಾಗ, ಊರೂರಿನ ಡೇಟಾ ತಂಡದವರು ಕ್ಯಾಲೆಂಡರ್‌ನಲ್ಲಿ ದಿನ ಎಣಿಸುತ್ತಿದ್ದರು.

ಹೊರಗಿನಿಂದ ನೋಡಿದರೆ ಬಲು ಸುಲಭ. ಶೇಕಡಾ 12ರ ದರ ಹೋಯಿತು, ಅಲ್ಲಿದ್ದ ಬಹುತೇಕ ವಸ್ತುಗಳು ಶೇಕಡಾ 5ಕ್ಕೆ ಬಂದವು. ಹಾಗಾದರೆ 12 ಇರುವುದನ್ನೆಲ್ಲ ಆರಿಸು, 5 ಮಾಡು, ಮನೆಗೆ ಹೋಗು. ಬಲ್ಕ್ ಎಡಿಟ್ ಅನ್ನುವುದನ್ನು ಕಂಡುಹಿಡಿದದ್ದೇ ಇಂಥ ದಿನಕ್ಕೆ ಅನಿಸುತ್ತದೆ. ಆದರೆ ಒಂದೇ ಅಂಗಡಿಯಲ್ಲಿ ಆ 12ರ ಕೆಳಗೆ ಏನೇನಿದೆ ನೋಡಿ. ಬೆಣ್ಣೆ, ತುಪ್ಪ, ಛತ್ರಿ 5ಕ್ಕೆ ಬಂದವು. ಮಕ್ಕಳ ನೋಟ್‌ಬುಕ್, ಪೆನ್ಸಿಲ್ ಸೊನ್ನೆಗೆ ಇಳಿದವು. ಸಾವಿರ ರೂಪಾಯಿ ಮೇಲ್ಪಟ್ಟ ಸಿದ್ಧ ಉಡುಪಿಗೆ ಮೊದಲು 12 ಇತ್ತು. ಈಗ 2,500 ರೂಪಾಯಿವರೆಗಿನದ್ದಕ್ಕೆ 5, ಅದರ ಮೇಲಿನದ್ದಕ್ಕೆ 18. ಒಂದೇ 12ರಿಂದ ಮೂರು ದಾರಿ. ಗುಂಪಿನಲ್ಲಿ ಗೋವಿಂದ ಅಂದರೆ ನೋಟ್‌ಬುಕ್ ಕೊಂಡ ತಂದೆತಾಯಿ ಇಲ್ಲದ ತೆರಿಗೆ ಕಟ್ಟುತ್ತಾರೆ, ಮೂರು ಸಾವಿರದ ಶರ್ಟಿಗೆ ಅಂಗಡಿಯವರು ಕಡಿಮೆ ತೆರಿಗೆ ಹಾಕಿ ಮುಂದೆ ದಂಡ ಕಟ್ಟುತ್ತಾರೆ.

ಮ್ಯಾನೇಜರ್ ಹತ್ತಿರ ಮಾತಾಡಿ, ಆ ಒಬ್ಬ ಗ್ರಾಹಕರಿಗೆ ಮಾತ್ರ ಹೊಸ ಪರದೆಯನ್ನು ಮುಂಚಿತವಾಗಿ ಕೊಟ್ಟೆವು. ಕೊನೆಯ ವಾರ ನಾನು ಅಲ್ಲೇ ಹೋಗಿ ಕೂತೆ. ಮೇಡಂ ಮೊದಲ ಸಲ ಎಕ್ಸೆಲ್ ತೆರೆಯದೆ ಕೆಲಸ ಶುರು ಮಾಡಿದರು, ನೋಟ್‌ಬುಕ್ ಪಕ್ಕದಲ್ಲೇ ಇತ್ತು. ತುಪ್ಪ, ಬೆಣ್ಣೆ ಸಲೀಸಾಗಿ ಹೋದವು. ನೋಟ್‌ಬುಕ್, ಪೆನ್ಸಿಲ್ ಬೇರೆ ಗುಂಪಾಗಿ ಕಂಡವು. ಶರ್ಟುಗಳನ್ನು ಎಂ.ಆರ್.ಪಿ. ಪ್ರಕಾರ ಎರಡು ಭಾಗ ಮಾಡಿಕೊಂಡರು. 2,500ರ ಕೆಳಗಿನವು 5, ಮೇಲಿನವು 18. ಪೂರ್ವನೋಟ ಬಂತು. ಎಲ್ಲ ಸರಿ ಕಾಣುತ್ತಿತ್ತು. ಒತ್ತಲು ಹೋದವರು ಕೈ ತೆಗೆದರು.

“ಸರ್, ಇದು ಹಿಂಗೆ ಆಗಲ್ಲ.”

“ಯಾಕೆ ಮೇಡಂ?”

“ಈ ಶರ್ಟ್ ನೋಡಿ. ಎಂ.ಆರ್.ಪಿ. 2,999. ದಸರಾ ಆಫರ್‌ನಲ್ಲಿ 2,400ಕ್ಕೆ ಹೋಗುತ್ತೆ. ಟ್ಯಾಕ್ಸ್ ಲೆಕ್ಕ ಮಾರೋ ಬೆಲೆ ಮೇಲೆ ಅಲ್ವಾ? ಆಫರ್ ಇದ್ದಾಗ 5, ಮುಗಿದ್ಮೇಲೆ 18. ಇದಕ್ಕೆ ರೇಟ್ ಅಂತ ಇಲ್ಲ ಸರ್, ಕಂಡಿಷನ್ ಇದೆ.”

ಅವರು ಹೇಳಿದ್ದು ಸರಿ. ಆ ಶರ್ಟಿನ ಸಾಲಿನಲ್ಲಿ 5 ಬರೆದರೂ ತಪ್ಪು, 18 ಬರೆದರೂ ತಪ್ಪು. ಅಲ್ಲಿ ಬರಬೇಕಾದದ್ದು ಒಂದು ನಿಯಮ. ಅದನ್ನು ಬಿಲ್ಲಿಂಗ್ ತಂಡದವರು ತಮ್ಮ ಕಡೆ ಕೂರಿಸಬೇಕು. ಇದನ್ನು ಹಿಡಿದದ್ದು ನಮ್ಮ ಸಾಫ್ಟ್‌ವೇರಲ್ಲ. ಸಾಫ್ಟ್‌ವೇರ್ ಮಾಡಿದ್ದು ಇಷ್ಟೇ, ಬಟನ್ ಒತ್ತುವ ಮುಂಚೆ ಅವರ ಕಣ್ಣಿಗೆ ಆ ಶರ್ಟು ಬೀಳುವ ಹಾಗೆ ಮಾಡಿತ್ತು. ವರ್ಷಗಟ್ಟಲೆ ಆಫರ್ ಬೆಲೆಗಳನ್ನು ಕೈಯಾರೆ ತಿದ್ದಿದ ಮನುಷ್ಯರಿಗೆ ಮಾತ್ರ ಗೊತ್ತಿರುವ ವಿಷಯ ಅದು.

ಆಗ ಅವರಿಗೆ ಬೇಕಾದದ್ದು ಆ ಥರದ ಸಾಲುಗಳನ್ನೆಲ್ಲ ಗುಂಪಿನಿಂದ ಎತ್ತಿ ಒಂದು ಕಡೆ ಇಟ್ಟು, ಉಳಿದದ್ದನ್ನು ಮುಂದೆ ಕಳಿಸುವ ದಾರಿ. ನಮ್ಮ ಪರದೆಯಲ್ಲಿ ಸಾಲಿನ ಟಿಕ್ ತೆಗೆಯಬಹುದಿತ್ತು. ತೆಗೆದ ಮೇಲೆ ಅವು ಎಲ್ಲಿ ಹೋದವು ಅಂತ ನೆನಪಿಡುವ ಜಾಗ ಇರಲಿಲ್ಲ. ಮೇಡಂ ನೋಟ್‌ಬುಕ್ ತೆರೆದು ಆ ವಸ್ತುಗಳ ನಂಬರ್ ಬರೆದುಕೊಳ್ಳತೊಡಗಿದರು. ಅವರು ಬರೆಯುವುದನ್ನು ನೋಡುತ್ತಾ ನಾನು ಪಕ್ಕದಲ್ಲೇ ನಮ್ಮ ಹುಡುಗರಿಗೆ ಮೆಸೇಜ್ ಹಾಕಿದೆ. ಮುಂದಿನ ಆವೃತ್ತಿಯಲ್ಲಿ ‘ಬದಿಗಿಡಿ’ ಅಂತ ಒಂದು ಗುಂಡಿ ಬಂತು. ಗುಂಪಿನಿಂದ ಸಾಲು ತೆಗೆದು, ಯಾಕೆ ಅಂತ ಒಂದು ಮಾತು ಬರೆದು, ಯಾರು ನೋಡಬೇಕೋ ಅವರಿಗೆ ಕಳಿಸುವುದು. ಈ ಸೌಲಭ್ಯದಲ್ಲಿ ಎಲ್ಲರೂ ಅತಿ ಹೆಚ್ಚು ಹೊಗಳುವುದು ಆ ಗುಂಡಿಯನ್ನು. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಮಾಡಿದ ಸಲಕರಣೆಯಲ್ಲಿ ಜನಕ್ಕೆ ಇಷ್ಟವಾದದ್ದು, ಒಂದನ್ನು ಬಿಡಿಸಿಕೊಳ್ಳುವ ದಾರಿ.

21ರ ಮಧ್ಯರಾತ್ರಿ ದರಗಳು ಬದಲಾದವು. ಹಳೆಯ ದರ ಅಳಿಸಿಹೋಗದೆ ಕೆಳಗೇ ಉಳಿಯಿತು. ಅದು ಬೈಗುಳ ತಪ್ಪಿಸಿಕೊಳ್ಳಲು ಮಾತ್ರವಲ್ಲ, ವ್ಯಾಪಾರಕ್ಕೂ ಬೇಕು. 21ಕ್ಕೆ ಕೊಂಡ ಛತ್ರಿಯನ್ನು ಯಾರಾದರೂ 25ಕ್ಕೆ ವಾಪಸ್ ತಂದರೆ ಹಳೆಯ ಬಿಲ್ಲಿನ 12ರ ಲೆಕ್ಕದಲ್ಲೇ ಹಣ ಹಿಂದಿರುಗಿಸಬೇಕು. ಹಳೆಯದನ್ನು ಮರೆತ ದಾಖಲೆ ನಿನ್ನೆಯ ಗಿರಾಕಿಗೆ ಉತ್ತರ ಕೊಡಲಾರದು.

ನವೆಂಬರ್‌ನಲ್ಲಿ ಹಿಂದಕ್ಕೆ ತರುವ ಸೌಲಭ್ಯವೂ ಬಂತು. ಅದನ್ನು ಮಾಡುವಾಗ ಅರ್ಥವಾದ ಒಂದು ಮಾತನ್ನು ಹೇಳಲೇಬೇಕು. ಜಿಮೇಲ್‌ನಲ್ಲಿ ಕಳಿಸಿದ ಮೇಲ್ ಹಿಂದಕ್ಕೆ ಪಡೆಯುವ ಗುಂಡಿ ಇದೆಯಲ್ಲ, ಅದು ನಿಜವಾಗಿ ಏನನ್ನೂ ಹಿಂದಕ್ಕೆ ತರುವುದಿಲ್ಲ. ಮೇಲ್ ಕಳಿಸುವುದನ್ನೇ ಕೆಲವು ಸೆಕೆಂಡ್ ತಡೆಹಿಡಿದಿರುತ್ತದೆ. ಆ ಸೆಕೆಂಡ್ ಕಳೆದರೆ ಹೋಯಿತು. ನಮ್ಮದೂ ಹಾಗೇ. ಸಾಲಿನಲ್ಲಿ ಹಳೆಯ ಬೆಲೆ ಮತ್ತೆ ಬರೆಯುವುದು ಕಷ್ಟವಲ್ಲ. ಅಷ್ಟರಲ್ಲಿ ಆ ಬೆಲೆ ನಂಬಿ ಮುದ್ರಿಸಿದ ಬಿಲ್ಲನ್ನು, ಕಳಿಸಿದ ಆರ್ಡರನ್ನು, ಕಟ್ಟಿದ ತೆರಿಗೆಯನ್ನು ಯಾವ ಗುಂಡಿಯೂ ವಾಪಸ್ ತರಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದಕ್ಕೇ ನಮ್ಮ ಪರದೆ ಈಗ ಹಿಂದಕ್ಕೆ ತರುವ ಮುಂಚೆ, ಈ ಮಾಹಿತಿಯನ್ನು ಆಗಲೇ ಯಾವ ಯಾವ ವಿಭಾಗ ಎತ್ತಿಕೊಂಡು ಹೋಗಿದೆ ಅಂತ ಪಟ್ಟಿ ಕೊಡುತ್ತದೆ. ಅವರಿಗೆ ಫೋನ್ ಮಾಡುವ ಕೆಲಸ ಇನ್ನೂ ಮನುಷ್ಯರದ್ದೇ.

ಮೇಡಂ ನೋಟ್‌ಬುಕ್ ಬಿಟ್ಟರಾ ಅಂತ ನೀವು ಕೇಳಬಹುದು. ಪೂರ್ತಿ ಬಿಟ್ಟಿಲ್ಲ. ಹಳೆಯ ಬೆಲೆಗಳನ್ನು ಬರೆಯುವುದು ನಿಲ್ಲಿಸಿದ್ದಾರೆ, ಯಾರ ಮೇಲ್ ಬಂದಿತ್ತು ಅನ್ನುವುದನ್ನು ಈಗಲೂ ಬರೆಯುತ್ತಾರೆ. “ಸಿಸ್ಟಂ ಮೇಲೆ ನಂಬಿಕೆ ಬಂದಿದೆ ಸರ್. ಜನದ ಮೇಲೆ ಬರ್ಬೇಕು” ಅಂದರು. ಅದಕ್ಕೆ ನನ್ನ ಹತ್ತಿರ ಯಾವ ವಿನ್ಯಾಸವೂ ಇಲ್ಲ.

ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ನನ್ನ ಥರ ಪರದೆ ಕಟ್ಟುವವರು, ಇನ್ನರ್ಧ ಜನ ಅದರ ಮುಂದೆ ಕೂತು ಕೆಲಸ ಮಾಡುವವರು ಇರಬಹುದು. ಕಟ್ಟುವವರಿಗೆ ಒಂದು ಮಾತು. ಮುಂದಿನ ಸಲ ‘ಖಚಿತವೇ’ ಅಂತ ಬರೆಯಲು ಹೊರಟಾಗ ಅದರ ಬದಲು ಎಷ್ಟು ಸಾಲು, ಎಷ್ಟು ರೂಪಾಯಿ, ಏನಿದ್ದದ್ದು ಏನಾಗುತ್ತದೆ ಅಂತ ಬರೆಯಿರಿ. ಕೆಲಸ ಮಾಡುವವರಿಗೆ ಇನ್ನೊಂದು. ನಿಮ್ಮ ಸಾಫ್ಟ್‌ವೇರ್ ಅದನ್ನು ತೋರಿಸದಿದ್ದರೆ ಕೇಳಿ ಪಡೆಯಿರಿ. ಸಿಗುವ ತನಕ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹೇಗೂ ಈಗ ಅದರ ಮೇಲೆ ತೆರಿಗೆ ಇಲ್ಲ.